ಮಾರ್ಚಿನ ಮಂಜುಗಡ್ಡೆ

ನಲವತ್ತೊಂಬತ್ತಕ್ಕೆ ಮತ್ತೆ ಬೆಂಚು ಹತ್ತಿದೆ.
ಟಾರ್ಟು ಊರಿನ ಡಿಸೆಂಬರ್, ಮೂರೂವರೆಗೇ ಕತ್ತಲು,
ರೇಡಿಯೇಟರಿನ ಮೇಲೆ ಒಣಗಲಿಟ್ಟ ಹದಿನಾಲ್ಕು ಜೊತೆ ಕೈಗವಸು.
ಪಾಠ ಹೇಳುವ ಟಾನೆಲ್ ನನ್ನ ಮಗನ ವಯಸ್ಸಿನವ.
"ಸಿಟ್ಟು ಬರೀ ಮೇಲಿನದು," ಎಂದ,
"ಕೆಳಗೆ ಇನ್ನೊಂದಿರುತ್ತದೆ. ಅದರ ತನಕ ಇಳಿಯಿರಿ."
ಬೋರ್ಡಿನ ಮೇಲೆ ತೇಲುವ ಹಿಮಬಂಡೆ ಬರೆದ:
ಒಂದು ಪಾಲು ಹೊರಗೆ, ಒಂಬತ್ತು ಪಾಲು ನೀರೊಳಗೆ.
ನೀಲಿ ಪೆನ್ನಿನಲ್ಲಿ ನಕಲು ಮಾಡಿಕೊಂಡೆ, ಅಚ್ಚುಕಟ್ಟಾಗಿ.

ಹನ್ನೊಂದು ವರ್ಷ ನಾನು ಕಲಿಸಿದ್ದು ಒಂದೇ:
ಉಸಿರು ಎಣಿಸಿ. ಹತ್ತರ ತನಕ. ಇಳಿಯಿತೇ?
ಇಳಿಯುತ್ತಿತ್ತು, ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ.
ಕೈ ಕುಲುಕಿ ಹೋಗುತ್ತಿದ್ದರು.
ಒಲೆ ಉರಿಯುತ್ತಲೇ ಇತ್ತು;
ಅದು ನನ್ನ ಲೆಕ್ಕದಲ್ಲಿರಲಿಲ್ಲ.

ಗುರುವಾರ ಹೆಲ್ದುರ್ ಬರುತ್ತಾನೆ, ಪೆಯ್ಪ್ಸಿ ಸರೋವರದ ಮೀನುಗಾರ.
ಫೀಸಿನ ಮೇಲೆ ಒಂದು ಜಡೆ ಈರುಳ್ಳಿ, ಬೇಡವೆಂದರೂ.
ತಮ್ಮ ಮುಳುಗಿ ಮೂರು ವರ್ಷ.
ಅಲ್ಲಿಂದ ಬೈದದ್ದು ಹೆಂಡತಿಯನ್ನು, ಹವಾಮಾನ ಇಲಾಖೆಯನ್ನು,
ನಾಯಿಯನ್ನು, ನಾಯಿಯ ತಟ್ಟೆಯನ್ನು.

ಅವತ್ತು ಎಣಿಸಲು ಹೇಳಲಿಲ್ಲ.
"ಈ ಸಿಟ್ಟು ಮೈಯಲ್ಲಿ ಎಲ್ಲಿದೆ?" ಎಂದೆ,
ಹೊಸ ಮಾತು, ನಾಲಿಗೆಗೆ ಇನ್ನೂ ಒಗ್ಗದ್ದು.
ಪಿಳಿಪಿಳಿ ನೋಡಿದ. ದಿಕ್ಕು ತೋಚದೆ
ನೋಟ್‌ಬುಕ್ಕಿನ ಚಿತ್ರ ತೋರಿಸಿದೆ.
ಪೆನ್ನು ಕಿತ್ತುಕೊಂಡು ಅಡ್ಡಗೀಟು ಎಳೆದ.

"ನಮ್ಮ ಮಂಜುಗಡ್ಡೆ ಹೀಗಿರೋದಿಲ್ಲ, ಮಾರಿಕಾ.
ಜನವರಿಯಲ್ಲಿ ಅದು ಗುಡುಗುತ್ತೆ, ರಾತ್ರಿಯೆಲ್ಲ ನರಳುತ್ತೆ,
ಪಟ್ಟಣದವರು ಹೆದರಿ ದಡಕ್ಕೆ ಓಡ್ತಾರೆ.
ನಾವು ಅದರ ಮೇಲೇ ಕೂತು ಬುತ್ತಿ ಬಿಚ್ತೀವಿ.
ಮಾರ್ಚಿನದು ಬೇರೆ.
ಬಿಸಿಲು ಒಳಗೊಳಗೇ ತಿಂದಿರುತ್ತೆ,
ಕಾಲಿಟ್ಟರೆ ಚಕಾರ ಎತ್ತೋದಿಲ್ಲ.
ಅವನು ಹೋದದ್ದು ಮಾರ್ಚಿನಲ್ಲಿ."

ಗೋಡೆಗಡಿಯಾರ. ಹೊರಗೆ ಉಪ್ಪು ಚೆಲ್ಲುವ ಲಾರಿ.

"ಹೋಗು, ಏನಾಗಲ್ಲ ಅಂದಿದ್ದು ನಾನು."

ಹೆಸರಿಡಲು ಬಾಯಿ ತೆರೆದೆ: ಪುಟ ನಲವತ್ತು, ಎರಡನೇ ಪಟ್ಟಿ.
ಮುಚ್ಚಿದೆ.
ಅವನ ಎರಡೂ ಕೈ ಹೊಟ್ಟೆಯ ಮೇಲಿದ್ದವು,
ಕರುಳು ಜಾರದಂತೆ ಹಿಡಿದುಕೊಂಡವನ ಹಾಗೆ.
ನನ್ನ ಪ್ರಶ್ನೆಗೆ ಉತ್ತರ
ಆಗಿನಿಂದ ಅಲ್ಲೇ ಇತ್ತೇನೋ.

ಅವನು ಹೋದ ಮೇಲೆ ಹಳೆಯ ಕಡತ ಇಳಿಸಿದೆ,
ಬೇಗ ವಾಸಿಯಾದವರ ಕಪಾಟಿನಿಂದ.
ಸಾಲ್ಮೆ. ಅಂಚೆ ಕಚೇರಿಯವಳು. ಐದೇ ಭೇಟಿ.
ಹಬ್ಬಕ್ಕೆ ಕಾರ್ಡು ಕಳಿಸಿದ್ದಳು:
ಈಗ ನನಗೆ ಸಿಟ್ಟೇ ಬರುವುದಿಲ್ಲ, ಎಲ್ಲ ನಿಮ್ಮ ದಯೆ.
ವರ್ಷವಿಡೀ ಅದನ್ನು ಮೇಜಿನ ಮೇಲೆ ನಿಲ್ಲಿಸಿದ್ದೆ.

ಮೇಜಿನ ತುಂಬ ಈರುಳ್ಳಿ ಸಿಪ್ಪೆಯ ಸದ್ದು.
ನಂಬರು ಒತ್ತಿದೆ.
ರಿಂಗಾಗುತ್ತಿದೆ.