ಇಪ್ಪತ್ತನೆಯ ನಿಮಿಷ

ಮೊದಲ ಹತ್ತೊಂಬತ್ತು ನಿಮಿಷ ಅವಳು ರಾಣಿಯೇ, ಬಿಡಿ.
ಇಪ್ಪತ್ತನೆಯದಕ್ಕೆ ಒಂದು ಬಿಕ್ಕಳಿಕೆ, ಎರಡು,
ಆಮೇಲೆ ಮುಹರ್ರಕ್ ಸೇತುವೆಯ ನಟ್ಟನಡುವೆ
ಹಿಂದಿನವರ ಹಾರ್ನು, ನನ್ನ ಬೆವರು,
ಮತ್ತು ವಲೇರಿಯನ್ನನ ಮೌನ.
"ಆಗಲೇ ಹೇಳಿದ್ದೆ" ಎಂಬುದನ್ನು ಹೇಳದೇ ಉಳಿಯುವ ಆ ಮೌನ.

ಎಪ್ಪತ್ತೇಳರ ಡಾಟ್ಸನ್. ಹಾಲು ಜಾಸ್ತಿಯಾದ ಚಹಾದ ಬಣ್ಣ.
ನನಗಿಂತ ಆರು ವರ್ಷಕ್ಕೆ ಹಿರಿಯಳು.
ಮಾರುವಾಗ ಹಾಜಿ ಮಕ್ಕಿ ಬಾನೆಟ್ ಸವರಿ ಅಂದಿದ್ದರು:
"ಇವಳಿಗೆ ಸಿಟ್ಟಿಲ್ಲ. ಹಟ ಮಾತ್ರ."
ದಿನಾರು ಎಣಿಸುತ್ತಿದ್ದ ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಆಗಸ್ಟಿನ ರಾತ್ರಿಗಳು. ಇಲ್ಲಿ ಕಡಲು ದಡದಲ್ಲಿ ನಿಲ್ಲುವುದಿಲ್ಲ,
ಗಾಳಿ ಹತ್ತಿ ಓಣಿಯೊಳಗೆ ಬರುತ್ತದೆ,
ಕನ್ನಡಕದ ಮೇಲೆ ಕೂರುತ್ತದೆ, ಸ್ಪ್ಯಾನರಿನ ಹಿಡಿಯಲ್ಲಿ ಜಾರುತ್ತದೆ,
ಕಾರಿನ ಬಾಗಿಲಿನ ಅಂಚನ್ನು ಚೂರುಚೂರೇ ತಿನ್ನುತ್ತದೆ.

ಪಾಯಿಂಟ್ ಉಜ್ಜಿದೆ. ಗ್ಯಾಪು ಅಳೆದೆ.
ಪ್ಲಗ್ಗು ನಾಲ್ಕೂ ಬಿಸ್ಕತ್ತಿನ ಬಣ್ಣ, ಅಂದರೆ ಆರೋಗ್ಯ.
ಕಂಡೆನ್ಸರ್ ಬದಲಿಸಿದೆ, ಸುಮ್ಮನೆ, ಸಮಾಧಾನಕ್ಕೆ.
ಕಾರ್ಬ್ಯುರೇಟರ್ ಬಿಚ್ಚಿ ಅಡುಗೆಮನೆಯ ಬೋಗುಣಿಯಲ್ಲಿ ತೊಳೆದೆ,
ಆ ಬೋಗುಣಿ ಮತ್ತೆ ಒಳಗೆ ಬರಲಿಲ್ಲ.
ಪೆಟ್ರೋಲು ಕುದಿದು ಆವಿ ಕಟ್ಟುತ್ತದೆಂಬ ಯಾರದೋ ಮಾತಿಗೆ
ಪೈಪಿನುದ್ದಕ್ಕೂ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದೆ,
ಮರದವು, ಹನ್ನೊಂದು.
ತಂತಿಯ ಮೇಲಿದ್ದ ವಲೇರಿಯನ್ನನ ಅಂಗಿ ಹಾರಿ
ಪಕ್ಕದ ಮನೆಯ ಡಿಶ್ಶಿಗೆ ತಗಲಿಕೊಂಡಿತು.
ಇಪ್ಪತ್ತನೆಯ ನಿಮಿಷಕ್ಕೆ ಬಿಕ್ಕಳಿಕೆ.

ಟಾರ್ಚು ಹಿಡಿಯುವುದು ಅವನ ಪಾಲು.
ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ತಿಳಿದದ್ದಿಷ್ಟು:
ಅವನು ಬೆಳಕು ಬಿಡುವುದು ತಾನು ನೋಡುವ ಕಡೆಗೆ,
ನಾನು ನೋಡುವ ಕಡೆಗಲ್ಲ.
"ಇಲ್ಲಿ" ಅಂದರೆ ಅಲ್ಲಿ. "ಕೆಳಗೆ" ಅಂದರೆ ನನ್ನ ಕಣ್ಣಿಗೆ.
ಒಮ್ಮೊಮ್ಮೆ ತಲೆಯ ಮೇಲೆ ಇಳಿಯುವ ವಿಮಾನಕ್ಕೆ,
ದಾರಿ ತೋರಬೇಕಾದವನು ತಾನೇ ಎಂಬಂತೆ.

ಶುಕ್ರವಾರ ನಸುಕು. ಅವಳು ಆಗಷ್ಟೇ ಸತ್ತಿದ್ದಳು, ಮನೆಯ ಮುಂದೆಯೇ.
ನಮಾಜು ಮುಗಿಸಿ ಬಂದ ಹಾಜಿ ಮಕ್ಕಿ ನಿಂತರು.
ತೆರೆದ ಬಾನೆಟ್ಟಿನ ಕಡೆ ನೋಡಲೇ ಇಲ್ಲ,
ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದರು.

ಹುಸ್ಸ್.

ನಿಟ್ಟುಸಿರಿನಂತೆಯೇ ಇತ್ತು, ಆದರೆ
ಹೊರಗೆ ಬಂದದ್ದಲ್ಲ, ಒಳಗೆ ಹೋದದ್ದು.
"ಈಗ ಚಾವಿ ತಿರುಗಿಸು" ಅಂದರು. ಒಂದೇ ಏಟಿಗೆ.

ಮುಚ್ಚಳದಲ್ಲೊಂದು ಸಾಸಿವೆಗಿಂತ ಸಣ್ಣ ತೂತು,
ಯಾವ ಕಾಲದ ಶಮಾಲ್ ಗಾಳಿಯ ಧೂಳೋ ಅಲ್ಲಿ ಗಾರೆಯಾಗಿ ಕೂತಿತ್ತು.
ಗಾಳಿ ಒಳಗೆ ಬಾರದೆ ಪೆಟ್ರೋಲು ಹೊರಡದು.
ಪಂಪು ಈ ಕಡೆ, ಟ್ಯಾಂಕು ಆ ಕಡೆ,
ಪ್ರತಿಸಲ ಇಪ್ಪತ್ತು ನಿಮಿಷದ ಹಗ್ಗಜಗ್ಗಾಟ.

ನಾಚಿಕೆಯಾಯಿತು.
ದಿನಕ್ಕೆ ಅರುವತ್ತು ತೋಳುಗಳಿಂದ ರಕ್ತ ತೆಗೆಯುವವಳು ನಾನು.
ಆ ಪುಟ್ಟ ನಳಿಗೆಯೊಳಗೆ ಗಾಳಿಯನ್ನೂ ಬಿಟ್ಟಿರುವುದಿಲ್ಲ,
ಆ ಇಲ್ಲದಿರುವಿಕೆಯೇ ರಕ್ತವನ್ನು ಕರೆಯುತ್ತದೆ.
ಬರಿದು ಎಷ್ಟು ಬಲದಿಂದ ಎಳೆಯುತ್ತದೆಂದು
ನನಗಿಂತ ಚೆನ್ನಾಗಿ ಬಲ್ಲವರು ಈ ಓಣಿಯಲ್ಲಿ ಯಾರಿದ್ದಾರೆ?
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಬ್ಯಾಗಿನಿಂದ ಸೂಜಿ ತೆಗೆದೆ, ಸಪೂರದ್ದು, ಮಕ್ಕಳಿಗೆ ಬಳಸುವುದು.
ತೂತಿಗೆ ತೂರಿಸಿದೆ. ಚಿಟಿಕೆ ಮಣ್ಣು ಉದುರಿತು.
ಈ ಸಲ ಬೆಳಕು ಬೇಕಾದ ಜಾಗದಲ್ಲೇ ಬಿದ್ದಿತ್ತು:
ಸೂರ್ಯ ಹುಟ್ಟಿದ್ದ. ವಲೇರಿಯನ್ ಟಾರ್ಚು ಆರಿಸಿರಲಿಲ್ಲ.

ಇಪ್ಪತ್ತನೆಯ ನಿಮಿಷ ಬಂತು. ಯಾರೂ ಮಾತಾಡಲಿಲ್ಲ.
ಇಪ್ಪತ್ತೊಂದಕ್ಕೆ ಹಾಜಿ ಮಕ್ಕಿ
"ಬ್ರೇಕು ನೋಡಿಕೋ" ಎಂದು ಮನೆಗೆ ನಡೆದರು.

ಭಾನುವಾರ ಲ್ಯಾಬಿನಲ್ಲಿ ಮುದುಕಿಯೊಬ್ಬಳು ತೋಳು ಚಾಚಿ
ಮೂಗರಳಿಸಿದಳು: "ಮಗಳೇ, ಪೆಟ್ರೋಲಿನ ವಾಸನೆ."
"ಹೌದಮ್ಮ. ಮುಷ್ಟಿ ಬಿಗಿ ಮಾಡು."
ನಳಿಗೆ ಒತ್ತಿದೆ. ಕೆಂಪು ತಾನಾಗಿ ಬಂತು.