ಮೀಟರಿನ ಈಚೆ

ಸ್ಟುಡಿಯೋ ಮುಚ್ಚಿದ ದಿನ ದಾವಲಸಾಬರು
ಕೊಟ್ಟದ್ದು ಲೆನ್ಸು ಮಾತ್ರ.
ಅಕ್ಕಿಡಬ್ಬಿಯಲ್ಲಿ ಹೂತಿಟ್ಟದ್ದು, ಬೂಸಲು ಹತ್ತದಿರಲೆಂದು.
ಕಪ್ಪು ಸವೆದು ಹಿತ್ತಾಳೆ ಕಾಣುವ ಅಂಚು.
ಹಳೇ ರೇಂಜ್‌ಫೈಂಡರ್ ಅವರಲ್ಲೇ ಉಳಿಯಿತು,
ಅದರ ಪರದೆಯ ಬಟ್ಟೆ ಎಂದೋ ಹರಿದಿತ್ತು.
‘ಅದು ಸತ್ತೈತಿ. ಇದರ ಕಣ್ಣು ಇನ್ನಾ ಐತಿ.’

ನಡುವೆ ಒಂದು ಉಂಗುರ ತರಿಸಿ
ಕನ್ನಡಿಯಿಲ್ಲದ ನನ್ನ ಹೊಸ ಕ್ಯಾಮೆರಾಕ್ಕೆ ಕೂರಿಸಿದೆ.
ಲೆನ್ಸು ಇಲ್ಲ, ಎಂದಿತು ತೆರೆ.
ಇಲ್ಲದಿದ್ದರೂ ತೆಗೆ ಎಂದು
ಮೆನುವಿನ ಯಾವುದೋ ಮೂಲೆಯಲ್ಲಿ ಒಪ್ಪಿಗೆ ಕೊಡಬೇಕು.
ಕೊಟ್ಟು,
ಇಲ್ಲದ ಲೆನ್ಸಿನಿಂದ ನೋಡತೊಡಗಿದೆ.

ಬ್ಯಾಡಗಿ, ಜನವರಿ, ಸೋಮವಾರದ ಪೇಟೆ.
ಚೀಲ ಸುರುವಿದಲ್ಲೆಲ್ಲ ಕಡ್ಡಿ, ಡಬ್ಬಿ, ಗುಡ್ಡಗುಡ್ಡ.
ಫೋಕಸ್ ಕೂತ ಅಂಚಿಗೆ ಕೆಂಪು ಬಳಿಯುವುದು
ಈ ಕ್ಯಾಮೆರಾದ ರೂಢಿ.
ಇಲ್ಲಿ ಯಾವುದು ಫೋಕಸ್, ಯಾವುದು ಮೆಣಸಿನಕಾಯಿ?
ನೀಲಿಗೆ ಬದಲಿಸಿದೆ.
ರಾಶಿಯ ಮೇಲೆ ನೀಲಿ ಇರುವೆ ಹರಿದವು,
ಬೆರಳು ತಿರುವಿದಂತೆ ಹತ್ತಿ, ಇಳಿದು.

ತೊಟ್ಟು ಬಿಡಿಸುವ ಸಾಲಿನಲ್ಲಿ ಹೊನ್ನವ್ವ.
ಅವಳ ಉಗುರಿನ ಸಂದಿ ಬೇಕಿತ್ತು ನನಗೆ.
ಮೀಟರಿನ ಈಚೆ ಈ ಲೆನ್ಸು ಬರುವುದಿಲ್ಲ,
ಟಕ್ಕೆಂದು ನಿಲ್ಲುತ್ತದೆ.
ಬಾಗಿದೆ. ಮಸುಕು. ಇನ್ನೂ ಬಾಗಿದೆ.
‘ಹಿಂದ ಸರಿಯಪಾ, ಘಾಟು ಬಡೀತೈತಿ.’
ಸರಿದೆ,
ಬಂದಳು ಪೂರ್ತಿ:
ಮೂಗಿಗೆ ಕಟ್ಟಿದ ಸೆರಗು, ತೊಡೆಯಡಿ ಒತ್ತಿಟ್ಟ ಕೂಲಿಚೀಟಿ,
ಉಪ್ಪು ಬಿಳುಚಿದ ಕಂಕುಳ.
ಮೂಲೆಗಳಲ್ಲಿ ಮಾತ್ರ ನೇರಳೆ ನೆರಳು, ಕರಗಿದ ಗೋಡೌನ್ ಬಾಗಿಲು.
ಹಳೇ ಗಾಜು ಬೆಳಕನ್ನು ಓರೆಯಾಗಿ ಎಸೆಯುತ್ತದೆ.
ಫಿಲ್ಮು ಹಿಡಿಯುತ್ತಿತ್ತು ಅದನ್ನು,
ಸೆನ್ಸರಿನ ಅಂಚಿನಲ್ಲಿ ಜಾರುತ್ತದೆ.

ಸಂಜೆ ದಾವಲಸಾಬರ ಕೈಗಿತ್ತೆ.
ಕಣ್ಣಿಗೊತ್ತಿ ಬಹಳ ಹೊತ್ತು ಹುಡುಕಿದರು.
‘ಇನ್ನೊಂದು ಎಲ್ಲೈತಿ?’
ನಲವತ್ತು ವರ್ಷ ಎರಡು ಬಿಂಬ
ಒಂದರ ಮೇಲೊಂದು ಕೂಡುವತನಕ ಕಾದು
ಆಮೇಲೆ ಒತ್ತಿದ ಕೈ.
ಇದರಾಗ ಇನ್ನೊಂದು ಇಲ್ರಿ, ಅಂದೆ.

‘ಪೊರೆ ಬಂದಾಗಿಂದ
ದೀಪ, ಮೊಮ್ಮಗಳು, ಬಸ್ಸಿನ ಬೋರ್ಡು,
ಎಲ್ಲಾ ಎರಡೆರಡು ಕಾಣತಾವ.
ಕೂಡಸೋಣಂದ್ರ
ತಿರುವಾಕ ಏನೂ ಇಲ್ಲ.’

ಆದರೂ ತಿರುವುತ್ತಿದ್ದರು. ಚಹಾ ಆರಿತು.
ಕೊನೆಗೊಮ್ಮೆ ಒತ್ತಿದರು, ನನ್ನತ್ತ.

ಕಾರ್ಡಿನಲ್ಲಿದೆ ಅದು:
ನನ್ನ ಹಿಂದಿನ ಕ್ಯಾಲೆಂಡರಿನ
ಹಾಲಿನ ಲೆಕ್ಕ ಕೂಡ ಓದಬಹುದು.
ನಾನು ಮಸುಕು.
ಮೀಟರಿನ ಈಚೆ ಕೂತಿದ್ದೆ.