ಹನ್ನೆರಡೇ ಹನ್ನೆರಡು

ಜನವರಿಯಲ್ಲಿ ಆಣೆ ಇಟ್ಟವಳು ನಾನೇ.
ಹೊರಗೆ ಮೈನಸ್ ಇಪ್ಪತ್ತಾರು,
ತಾಂಪೆರೆಯ ಎರಡೂ ಕೆರೆ ಕಲ್ಲಾಗಿದ್ದವು.
ಕಾಫಿ ಲೋಟ ಸಾಕ್ಷಿಗಿಟ್ಟು ಇಲ್ಮೋಗೆ ಹೇಳಿದೆ:
ಈ ಸಲ ಟೊಮೇಟೊ ಹನ್ನೆರಡೇ ಹನ್ನೆರಡು.
ಹದಿಮೂರನೆಯದು ತಲೆಯೆತ್ತಿದರೆ
ನನ್ನ ಹೆಸರು ಓರ್ವೊಕ್ಕಿ ಅಲ್ಲ.

ಅವನು ನಗಲಿಲ್ಲ. ಎದ್ದು
ಕ್ಯಾಲೆಂಡರಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದ: ೧೨.
ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ
ಸುರುಳಿ ಎಣಿಸಿದ ಕೈ.

ಬೀಜದ ಪೊಟ್ಟಣಕ್ಕೆ ಲೆಕ್ಕ ಬರುವುದಿಲ್ಲ.
ಮೂಲೆ ಹರಿದರೆ ಇಪ್ಪತ್ತು ಉದುರುತ್ತವೆ,
ಅಂಗೈಯ ಗೆರೆಯಲ್ಲಿ ಜಾಗ ಹಿಡಿದು
ಊಟಕ್ಕೇ ಬಂದ ನೆಂಟರ ಹಾಗೆ ಸುಮ್ಮನಿರುತ್ತವೆ.
ಎರಡನ್ನು ವಾಪಸು ಹಾಕಿದೆ. ಸಂಯಮ!
ಆಮೇಲೆ ಕೂತು ಯೋಚಿಸಿದೆ:
ಹಳೆಯ ಬೀಜ, ಅರ್ಧ ಮೊಳೆಯುವುದಿಲ್ಲ,
ಮೊಳೆತದ್ದರಲ್ಲಿ ಕಾಲುಪಾಲು ಬುಡ ಕೊಳೆತು ಬೀಳುತ್ತದೆ,
ಬೆಕ್ಕಿನ ಪಾಲು ಬೇರೆ.
ಕಳೆದು ಭಾಗಿಸಿ ನೋಡಿದರೆ
ಹನ್ನೆರಡಕ್ಕೆ ಅರವತ್ತು ಬಿತ್ತಬೇಕು ತಾನೇ?
ಇನ್ನೂ ಮೂರು ಪೊಟ್ಟಣ ಹರಿದೆ.

ಅರವತ್ತೂ ಮೊಳೆತವು.
ಬೆಕ್ಕಿಗೂ ಈ ವರ್ಷ ವೈರಾಗ್ಯ.

ಮಾರ್ಚಿನಲ್ಲಿ ಕಿಟಕಿಗಳು ತುಂಬಿದವು.
ಏಪ್ರಿಲಿನಲ್ಲಿ ಸೌನಾದ ಮರದ ಮೆಟ್ಟಿಲು,
ಮೇಲೊಂದು ನೇರಳೆ ದೀಪ.
ಒಲೆ ಹಚ್ಚುವ ಹಾಗಿಲ್ಲ, ಎಳೆಯವು ಬೆಂದಾವು.
ಐದು ಶನಿವಾರ ಇಲ್ಮೋ
ಟವೆಲ್ಲು ಹೆಗಲಿಗೆ ಹಾಕಿ ಬಾಗಿಲ ತನಕ ಹೋದ,
ಒಳಗಿಣುಕಿ
"ಇವರದ್ದು ಇನ್ನೂ ಮುಗಿದಿಲ್ಲವೇ?" ಎಂದ,
ಷವರಿನ ಕಡೆ ತಿರುಗಿದ.

ಚಿವುಟಬೇಕು. ಗೊತ್ತು.
ಒಂದು ಕುಣಿಗೆ ಒಂದೇ, ಗಟ್ಟಿಯಾದದ್ದು.
ಉಗುರು ಇಳಿಸಿದೆ ಕೂಡ.
ಎರಡು ಎಲೆ; ಕೈಮುಗಿದಂತೆ ಏನೂ ಇರಲಿಲ್ಲ,
ಹಾಗೆಲ್ಲ ಹೇಳಿ ಯಾರನ್ನೂ ಅಳಿಸುವವಳಲ್ಲ ನಾನು.
ಬರೀ ಎರಡು ಎಲೆ. ಒಂದರ ತುದಿಗೆ
ಬೀಜದ ಸಿಪ್ಪೆ ಟೊಪ್ಪಿಗೆಯಂತೆ ಅಂಟಿಕೊಂಡಿತ್ತು.
ಟೊಪ್ಪಿಗೆಯನ್ನೂ ತೆಗೆಯದೆ ಈಗಷ್ಟೇ ಕೂತವನಿಗೆ
ಎದ್ದು ನಡೆ ಅನ್ನುವುದು ಹೇಗೆ?
ಮೊಸರಿನ ಡಬ್ಬಿಗಳನ್ನು ತೊಳೆದು ತಂದೆ.

ಮೇ ತಿಂಗಳು ಗ್ರಂಥಾಲಯದ ಅಂಗಳದಲ್ಲಿ
ಸಸಿ ಕೊಡುವ, ಕೊಳ್ಳುವ ಭಾನುವಾರ.
"ಕೊಡು, ಕೊಟ್ಟು ಬರಿಗೈಲಿ ಬಾ," ಎಂದ ಇಲ್ಮೋ.
ಇಪ್ಪತ್ತೊಂದು ಕೊಟ್ಟೆ, ದೇವರಾಣೆ.
ಆದರೆ ಎದುರು ಮೇಜಿನಲ್ಲಿ ತೈಮಿ ನಿಂತಿದ್ದಳು.
ನಮ್ಮ ಮಾತಿನಲ್ಲಿ ಆ ಹೆಸರಿಗೆ ಸಸಿ ಎಂದೇ ಅರ್ಥ,
ಅವಳು ಚಾಚಿದ ಕುಂಬಳವನ್ನು ಬೇಡ ಎನ್ನಲಾದೀತೆ?
ಹೆರಾತಿನಿಂದ ಬಂದ ಫರೀಬಾ
ಗಂದನಾ ಬೀಜವನ್ನು ಬಸ್ ಟಿಕೆಟಿನಲ್ಲಿ ಮಡಚಿ
ಜೇಬಿಗೇ ಹಾಕಿದಳು, "ಏಳೇ ಏಳು" ಎನ್ನುತ್ತ.
ಒಬ್ಬ ಹುಡುಗ, ಹೆಸರು ಕೇಳಲಿಲ್ಲ,
ಸೂರ್ಯಕಾಂತಿಯ ಡಬ್ಬಿ ಕೈಗಿಟ್ಟು ಓಡಿಯೇ ಹೋದ.
ಇಪ್ಪತ್ತೊಂದು ಇಳಿಸಿದವಳು
ಮೂವತ್ತನಾಲ್ಕು ಹೊತ್ತು ಟ್ರಾಮ್ ಹತ್ತಿದೆ.
ಎರಡು ಸೀಟು ಅವಕ್ಕೇ ಬೇಕಾಯಿತು.

ಇಲ್ಮೋ ಬೈಯುತ್ತಾನೆ ಅಂದುಕೊಂಡೆ.
ಅವನು ತೋಟದ ಗುಡಿಸಲಲ್ಲಿ
ಮೀನುಗಾಳದ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸುತ್ತಿದ್ದ,
ಅವಸರದಲ್ಲಿ.
ಮುಚ್ಚಳ ತೆಗೆದೆ: ಮೊಟ್ಟೆಯ ತಟ್ಟೆಯಲ್ಲಿ
ಆಲೂಗೆಡ್ಡೆ, ಹದಿನಾರು ಬಗೆ,
ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದವು.
ಪ್ರತಿಯೊಂದಕ್ಕೂ ಪೆನ್ಸಿಲ್ಲಿನ ನಂಬರು.
"ಇವು ಟೊಮೇಟೊ ಅಲ್ಲವಲ್ಲ," ಎಂದ.

ಈಗ ಜೂನ್. ರಾತ್ರಿ ಹನ್ನೊಂದಕ್ಕೂ ಬೆಳಕು,
ಇಬ್ಬರೂ ಅಗೆಯುತ್ತೇವೆ, ನಡುಗಳು ಬಯ್ಯುತ್ತವೆ.
ಗಾಜಿನ ಮನೆಗೆ ಹಿಡಿಸಿದ್ದು ಹನ್ನೆರಡೇ.
ಉಳಿದವು ಕಾಲುದಾರಿಯಲ್ಲಿ, ದೋಣಿಯಲ್ಲಿ,
ಪಕ್ಕದವರ ಬೇಲಿಗೆ ಒರಗಿ, ಅವರನ್ನು ಕೇಳದೆ.

ಹಾಸಿಗೆಗೆ ಬಂದರೆ ನಿದ್ದೆ ಇಲ್ಲ.
ಇಷ್ಟಾದದ್ದಕ್ಕೆ ನಾಚಿಕೆ ಎಂದೇನಲ್ಲ.
ಜನವರಿಯಲ್ಲಿ ವಾಪಸು ಹಾಕಿದೆನಲ್ಲ, ಆ ಎರಡು,
ಅಡುಗೆಮನೆಯ ಡ್ರಾಯರಿನ ಕತ್ತಲಲ್ಲಿ,
ಹರಿದ ಪೊಟ್ಟಣದೊಳಗೆ.
ಅವು ಹೇಗೆ ಬರುತ್ತಿದ್ದವೋ.